ಮುಳುಗುವ ಹಡಗಿನ ಬಾಲಕ: ಮಕ್ಕಳ ಐತಿಹಾಸಿಕ ಕಥೆಗಳ ನೈತಿಕ ಪರಿಶೀಲನೆ

ಮಕ್ಕಳಿಗಾಗಿ ಬರೆದ ಐತಿಹಾಸಿಕ ಕಥೆಗಳಲ್ಲಿ ಒಂದು ಬಗೆಯದಕ್ಕೆ ಎಂದೂ ಓದುಗರ ಕೊರತೆಯಾಗಿಲ್ಲ. ಬಡ ಮನೆಯ ಹುಡುಗನೊಬ್ಬನು ಹಡಗಿನಲ್ಲಿ ಕೆಲಸಕ್ಕೆ ಸೇರುತ್ತಾನೆ, ಹಡಗು ಪ್ರಸಿದ್ಧವಾದುದು, ಅದು ಮುಳುಗಲಿದೆ ಎಂಬುದು ಓದುಗನಿಗೆ ಮೊದಲೇ ಗೊತ್ತು, ಹುಡುಗನಿಗೆ ಗೊತ್ತಿಲ್ಲ. ಈ ಒಂದು ಅಂತರದಿಂದಲೇ ಕಥೆಗೆ ಕುತೂಹಲ ಹುಟ್ಟುತ್ತದೆ. ಸಮುದ್ರದಿಂದ ಬಹುದೂರದಲ್ಲಿರುವ ಬಳ್ಳಾರಿಯಲ್ಲಿ, ತುಂಗಭದ್ರೆಯ ಹರಿಗೋಲನ್ನಲ್ಲದೆ ಬೇರೆ ನೌಕೆಯನ್ನು ಕಾಣದ ಮಗುವೂ ಇಂತಹ ಪುಸ್ತಕವನ್ನು ಕೈಗೆತ್ತಿಕೊಂಡರೆ ಮುಗಿಸದೆ ಇಡುವುದಿಲ್ಲ. ಪಾರ್ವತಿನಗರದಂತಹ ಬಡಾವಣೆಗಳ ಜೈನ ಮನೆಗಳಿಗೆ ಇಂದು ಇಂತಹ ಪುಸ್ತಕಗಳು ಶಾಲೆಯ ಗ್ರಂಥಾಲಯದಿಂದ, ಹುಟ್ಟುಹಬ್ಬದ ಉಡುಗೊರೆಯಾಗಿ, ಧಾರ್ಮಿಕ ಪಾಠಶಾಲೆಗಳ ಬಹುಮಾನವಾಗಿ ಬರುತ್ತವೆ. ಪುಸ್ತಕದಲ್ಲಿ ಮಾಂಸಾಹಾರದ ವರ್ಣನೆಯಿದೆಯೇ, ಅಸಭ್ಯವಾದುದೇನಾದರೂ ಇದೆಯೇ ಎಂದು ಹಿರಿಯರು ನೋಡುತ್ತಾರೆ. ಅಷ್ಟು ನೋಡಿದರೆ ಸಾಕೇ ಎಂಬುದು ಇಲ್ಲಿನ ಪ್ರಶ್ನೆ. ದುಡಿಯುವ ಮಗುವಿನ ಮರಣವನ್ನು ಕಥೆಯು ಓದುವ ಮಗುವಿನ ಮುಂದೆ ಹೇಗೆ ಇಡುತ್ತದೆ, ಅದರಿಂದ ಎಂತಹ ಭಾವ ಹುಟ್ಟುತ್ತದೆ ಎಂಬುದನ್ನು ಪರಿಶೀಲಿಸದೆ ಒಂದು ಪುಸ್ತಕವನ್ನು ನಿರ್ದೋಷವೆಂದು ಹೇಳಲಾಗದು.

ಈ ಪರಂಪರೆಯ ಅತ್ಯಂತ ಪ್ರಸಿದ್ಧ ಉದಾಹರಣೆ ಗದ್ಯಕಥೆಯಲ್ಲ, ಒಂದು ಕವಿತೆ. ಇಂಗ್ಲಿಷ್ ಕವಯಿತ್ರಿ ಫೆಲಿಷಿಯಾ ಹೆಮನ್ಸ್ 1826ರಲ್ಲಿ ಪ್ರಕಟಿಸಿದ ‘ಕ್ಯಾಸಾಬಿಯಾಂಕಾ’ ಬ್ರಿಟಿಷ್ ಶಾಲೆಗಳಲ್ಲಿ ತಲೆಮಾರುಗಳ ಕಾಲ ಕಂಠಪಾಠದ ವಸ್ತುವಾಗಿತ್ತು. ಅದೇ ಪಠ್ಯಗಳ ದಾರಿಯಿಂದ ಭಾರತದ ಶಾಲೆಗಳಿಗೂ ಬಂದಿತು. ಅದರ ಹಿಂದಿನ ಘಟನೆ ಐತಿಹಾಸಿಕವಾದುದು. 1798ರ ಆಗಸ್ಟ್ 1ರಂದು ಈಜಿಪ್ಟಿನ ಅಬೂಕಿರ್ ಕೊಲ್ಲಿಯಲ್ಲಿ ನಡೆದ ನೈಲ್ ಕದನದಲ್ಲಿ ಫ್ರೆಂಚರ ಮುಖ್ಯ ಯುದ್ಧನೌಕೆ ‘ಲೋರಿಯಾಂ’ ಬೆಂಕಿಗೆ ತುತ್ತಾಗಿ, ರಾತ್ರಿಯ ಹೊತ್ತಿಗೆ ಮದ್ದಿನ ಕೋಠಿ ಸಿಡಿದು ನಾಶವಾಯಿತು. ಹಡಗಿನ ನಾಯಕ ಲೂಕ್ ಕ್ಯಾಸಾಬಿಯಾಂಕಾ ಮತ್ತು ಅವನೊಡನೆ ಹಡಗಿನಲ್ಲಿದ್ದ ಎಳೆಯ ಮಗ ಇಬ್ಬರೂ ಮಡಿದರು. ಹುಡುಗನ ವಯಸ್ಸು ಹತ್ತಕ್ಕೂ ಹದಿಮೂರಕ್ಕೂ ನಡುವೆ ಇದ್ದಿರಬೇಕೆಂದು ಹೇಳಲಾಗುತ್ತದೆ. ಆ ಕಾಲದ ಯುದ್ಧನೌಕೆಗಳಲ್ಲಿ ಇಂತಹ ಹುಡುಗರು ಅಪರೂಪವಲ್ಲ. ಫಿರಂಗಿಗಳಿಗೆ ಮದ್ದು ಹೊತ್ತು ತರುವುದು, ಅಧಿಕಾರಿಗಳ ಊಳಿಗ ಮಾಡುವುದು, ಹಡಗಿನ ಕಸ ಗುಡಿಸುವುದು ಅವರ ಕೆಲಸವಾಗಿತ್ತು.

ಘಟನೆಯ ವರದಿಗಳು ಒಂದೇ ಬಗೆಯಾಗಿಲ್ಲ. ಗಾಯಗೊಂಡ ತಂದೆಯನ್ನು ಬಿಟ್ಟು ಹೋಗಲು ಮಗ ಒಪ್ಪಲಿಲ್ಲವೆಂಬುದು ಅವುಗಳಲ್ಲಿ ಒಂದು. ಕವಿತೆಯಲ್ಲಿ ಮಾತ್ರ ಹುಡುಗನು ತಂದೆಯ ಅಪ್ಪಣೆಗಾಗಿ ಉರಿಯುವ ಹಡಗಿನ ಮೇಲೆ ನಿಂತಿದ್ದಾನೆ. ಅಪ್ಪಣೆ ಕೊಡಬೇಕಾದವನು ಕೆಳಗೆ ಸತ್ತು ಬಿದ್ದಿರುವುದು ಅವನಿಗೆ ತಿಳಿಯದು. ಈ ಎರಡು ಚಿತ್ರಗಳಿಗಿರುವ ಭೇದ ಸಾಮಾನ್ಯವಾದುದಲ್ಲ. ಮೊದಲನೆಯದರಲ್ಲಿ ಹುಡುಗನನ್ನು ನಿಲ್ಲಿಸಿದ್ದು ಪ್ರೀತಿ. ಎರಡನೆಯದರಲ್ಲಿ ನಿಲ್ಲಿಸಿದ್ದು ಆಜ್ಞೆ. ಕವಯಿತ್ರಿ ಪ್ರೀತಿಯನ್ನು ಆಜ್ಞಾಧಾರಕತೆಯಾಗಿ ಮಾರ್ಪಡಿಸಿದಳು. ಶಾಲೆಗಳು ಆ ಆಜ್ಞಾಧಾರಕತೆಯನ್ನೇ ಪಾಠವಾಗಿ ಮಾಡಿಕೊಂಡವು. ಕವಿತೆಯೊಳಗೆ ಶೋಕವೂ ಇದೆ, ಆ ಸಾವಿನ ವ್ಯರ್ಥತೆಯ ಸೂಚನೆಯೂ ಇದೆ ಎಂಬುದನ್ನು ನ್ಯಾಯವಾಗಿ ಒಪ್ಪಬೇಕು. ಆದರೆ ತರಗತಿಯಲ್ಲಿ ಉಳಿದದ್ದು ಶೋಕವಲ್ಲ, ಸ್ತುತಿ. ಹೇಳಿದ ಕಡೆ ನಿಂತು ಸತ್ತ ಹುಡುಗನು ಆದರ್ಶ ಬಾಲಕನಾದನು. ಹತ್ತು ಹನ್ನೆರಡು ವರ್ಷದ ಮಗುವನ್ನು ಯುದ್ಧನೌಕೆಗೆ ಕರೆತಂದದ್ದು ಸರಿಯೇ ಎಂಬ ಪ್ರಶ್ನೆಯನ್ನು ಆ ತರಗತಿಗಳಲ್ಲಿ ಯಾರೂ ಕೇಳಬೇಕಾಗಿರಲಿಲ್ಲ.

ಜೈನ ಓದುಗನು ಇಲ್ಲಿ ಒಂದು ಆಕ್ಷೇಪವನ್ನು ಎತ್ತಬಹುದು. ಮರಣವನ್ನು ಅಳುಕದೆ ಎದುರಿಸುವುದನ್ನು ಜಿನಧರ್ಮವೂ ಕೊಂಡಾಡುತ್ತದೆಯಲ್ಲವೇ? ಮುಳುಗುವ ನಾವೆಯಲ್ಲಿ ಚಿತ್ತಸ್ಥೈರ್ಯವನ್ನು ಕಳೆದುಕೊಳ್ಳದವನ ಕಥೆ ಕನ್ನಡದಲ್ಲಿ ಉಪಲಬ್ಧವಾಗಿರುವ ಮೊತ್ತಮೊದಲ ಗದ್ಯಗ್ರಂಥದಲ್ಲಿಯೇ ಇದೆಯಲ್ಲವೇ? ಪ್ರಶ್ನೆ ಯೋಗ್ಯವಾದುದು. ‘ವಡ್ಡಾರಾಧನೆ’ಯ 19 ಕಥೆಗಳಲ್ಲಿ ಅಣ್ಣಿಕಾಪುತ್ರನ ಕಥೆಯೂ ಒಂದು. ಗಂಗಾನದಿಯ ನಡುವೆ ದೋಣಿ ಮುಳುಗುವಾಗ ಆ ಮುನಿಯು ಮೋಹಗೊಳ್ಳದೆ, ಆರಾಧನೆಯಲ್ಲಿ ನೆಲೆಗೊಂಡು ದೇಹವನ್ನು ಬಿಟ್ಟನು. ಉಪಸರ್ಗವನ್ನು ಸಹಿಸಿದ ಮಹಾಪುರುಷರ ಮಾಲೆಯಲ್ಲಿ ಅವನಿಗೆ ಸ್ಥಾನವಿದೆ. ಡಿ. ಎಲ್. ನರಸಿಂಹಾಚಾರ್ಯರು 1949ರಲ್ಲಿ ಆ ಗ್ರಂಥವನ್ನು ಸಂಪಾದಿಸಿ ಹೊರತಂದ ಮೇಲೆ ಕನ್ನಡ ವಿದ್ಯಾರ್ಥಿಗಳಿಗೆ ಆ ಹೆಸರು ಪರಿಚಿತವಾಯಿತು.

ಆದರೆ ಅಣ್ಣಿಕಾಪುತ್ರನ ನಿಲುವನ್ನೂ ಕ್ಯಾಸಾಬಿಯಾಂಕಾನ ಮಗನ ನಿಲುವನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಮುನಿಯು ಸಂಸಾರವನ್ನು ಅರಿತು ತೊರೆದವನು. ಶರೀರ ಬೇರೆ, ಆತ್ಮ ಬೇರೆ ಎಂಬ ಭೇದವಿಜ್ಞಾನವನ್ನು ವರ್ಷಗಳ ತಪಸ್ಸಿನಿಂದ ಸಾಧಿಸಿಕೊಂಡವನು. ಅವನ ಸ್ಥೈರ್ಯ ಯಾರ ಆಜ್ಞೆಯಿಂದಲೂ ಬಂದುದಲ್ಲ. ಅವನ ಮರಣದಿಂದ ಯಾರ ಲಾಭವೂ ಬೆಳೆಯಲಿಲ್ಲ. ಬಾಲಕನಿಗಾದರೋ ತೊರೆಯಲು ಇನ್ನೂ ಬದುಕೇ ದೊರೆತಿರಲಿಲ್ಲ. ಸಲ್ಲೇಖನಕ್ಕೆ ಶಾಸ್ತ್ರವು ಕಾಲವನ್ನೂ ಕಾರಣವನ್ನೂ ಅರ್ಹತೆಯನ್ನೂ ಇಷ್ಟು ಎಚ್ಚರದಿಂದ ವಿಧಿಸಿರುವುದು ಏಕೆಂದರೆ, ಜೀವವು ಅಗ್ಗವಲ್ಲವೆಂದು. ಆಳಿನ ಕೆಲಸಕ್ಕೆ ಬಂದ ಮಗುವಿನ ಸಾವಿಗೆ ಸಮಾಧಿಮರಣದ ಕಾಂತಿಯನ್ನು ಲೇಪಿಸುವ ಕಥೆಯು ಆ ಎಚ್ಚರವನ್ನು ಕೆಡಿಸುತ್ತದೆ. ಅಣ್ಣಿಕಾಪುತ್ರನ ಕಥೆಯನ್ನು ಓದಿದ ಮಗುವಿಗೆ ಈ ವ್ಯತ್ಯಾಸವನ್ನು ತಿಳಿಸಿ ಹೇಳುವುದು ಪಾಠಶಾಲೆಯ ಉಪಾಧ್ಯಾಯರ ಕರ್ತವ್ಯ.

ಹಳೆಯ ಕವಿತೆಯಿಂದ ಈಚಿನ ಕಾದಂಬರಿಗೆ ಬಂದರೆ ಚಿತ್ರ ಸಾಕಷ್ಟು ಬದಲಾಗಿದೆ. ಮಕ್ಕಳ ಲೇಖಕ ಮೈಕೇಲ್ ಮೊರ್ಪರ್ಗೊ 2008ರಲ್ಲಿ ಪ್ರಕಟಿಸಿದ ‘ಕ್ಯಾಸ್ಪರ್, ಪ್ರಿನ್ಸ್ ಆಫ್ ಕ್ಯಾಟ್ಸ್’ ಇದಕ್ಕೆ ನಿದರ್ಶನ. ಲಂಡನ್ನಿನ ಸವಾಯ್ ಹೋಟೆಲಿನಲ್ಲಿ ಗಂಟೆ ಬಾರಿಸಿದೊಡನೆ ಓಡಿ ಬರುವ ಬೆಲ್‌ಬಾಯ್ ಜಾನಿ ಟ್ರಾಟ್ ಎಂಬ ಅನಾಥ ಬಾಲಕನು ಇದರ ನಾಯಕ. ಅತಿಥಿಯಾಗಿ ಬಂದ ರಷ್ಯನ್ ಗಾಯಕಿಯೊಬ್ಬಳ ಕಪ್ಪು ಬೆಕ್ಕು ಕ್ಯಾಸ್ಪರ್, ಒಡತಿ ಸತ್ತ ಮೇಲೆ, ಈ ಹುಡುಗನ ಪಾಲಿಗೆ ಬರುತ್ತದೆ. ಮುಂದೆ ಲಿಜಿಬೆತ್ ಎಂಬ ಅಮೆರಿಕದ ಶ್ರೀಮಂತ ಬಾಲಿಕೆಯ ಗೆಳೆತನ. ಅವಳ ಕುಟುಂಬವು ಟೈಟಾನಿಕ್ ಹಡಗಿನಲ್ಲಿ ಹೊರಟಾಗ ಜಾನಿಯೂ ಕದ್ದು ಪ್ರಯಾಣ ಬೆಳೆಸುತ್ತಾನೆ. ಸಿಕ್ಕಿಬಿದ್ದ ಮೇಲೆ ಬಾಯ್ಲರ್ ಕೋಣೆಯಲ್ಲಿ ಕಲ್ಲಿದ್ದಲು ತುಂಬುವ ಕೆಲಸಕ್ಕೆ ಹಚ್ಚಲ್ಪಡುತ್ತಾನೆ. ಹಡಗು ಮುಳುಗುತ್ತದೆ, ಜಾನಿ ಬದುಕಿ, ಲಿಜಿಬೆತ್‌ಳ ಮನೆಯವರ ಆಶ್ರಯದಲ್ಲಿ ನ್ಯೂಯಾರ್ಕ್ ಸೇರುತ್ತಾನೆ.

ಈ ಕೃತಿಯಲ್ಲಿ ಜೈನ ಮನೆಗಳು ಮೆಚ್ಚಬೇಕಾದ ಗುಣಗಳಿವೆ. ಮೂಕಪ್ರಾಣಿಯೊಂದರ ಬಗೆಗೆ ಬಡ ಹುಡುಗನು ತೋರುವ ವಾತ್ಸಲ್ಯ ಕಥೆಯ ಜೀವಾಳ. ತನಗೇ ಸಾಲದ ಬಾಲಕನು ತನ್ನ ಆಸರೆಗೆ ಬಂದ ಜೀವವನ್ನು ಕೈಬಿಡುವುದಿಲ್ಲ. ಸೇವಕರ ಮೇಲಂತಸ್ತಿನ ಇಕ್ಕಟ್ಟಾದ ಕೋಣೆ, ಮೇಲಿನವರ ಗದರಿಕೆ, ಯಾರಿಗೂ ಬೇಡವಾದವನ ಏಕಾಂತ ಇವುಗಳನ್ನು ಲೇಖಕರು ಮರೆಮಾಚದೆ ಚಿತ್ರಿಸಿದ್ದಾರೆ. ಹುಡುಗನು ಆಜ್ಞೆಗಾಗಿ ಕಾದು ನಿಲ್ಲುವವನಲ್ಲ, ತಾನೇ ವಿವೇಚಿಸಿ ನಡೆಯುವವನು. ಎರಡು ಶತಮಾನಗಳಲ್ಲಿ ಮಕ್ಕಳ ಸಾಹಿತ್ಯವು ಸಾಧಿಸಿದ ಪ್ರಗತಿ ಇದರಿಂದ ತಿಳಿಯುತ್ತದೆ.

ಆದರೂ ಕೊರತೆಯೊಂದಿದೆ, ಅದು ಈ ಒಂದು ಪುಸ್ತಕದ ಕೊರತೆ ಮಾತ್ರವಲ್ಲ. ಬಾಲಕನ ದುಃಖಕ್ಕೆ ಕಥೆಯು ಒದಗಿಸುವ ಪರಿಹಾರ, ಧನಿಕ ಕುಟುಂಬವೊಂದರ ಕೃಪೆ. ಒಬ್ಬನನ್ನು ಮೇಲಕ್ಕೆ ಎತ್ತಿಕೊಂಡಾಗ ಓದುಗನ ಮನಸ್ಸು ತೃಪ್ತಿಯಾಗುತ್ತದೆ. ಅವನ ಪಕ್ಕದಲ್ಲಿ ಸಲಿಕೆ ಹಿಡಿದಿದ್ದವರು ನೆನಪಿನಿಂದ ಜಾರುತ್ತಾರೆ. ಟೈಟಾನಿಕ್‌ನಲ್ಲಿ 29 ಬಾಯ್ಲರುಗಳೂ ಅವುಗಳಿಗೆ 159 ಒಲೆಗಳೂ ಇದ್ದವು. ಹಗಲಿರುಳು ಸರದಿಯ ಮೇಲೆ ಕೈಯಿಂದಲೇ ಕಲ್ಲಿದ್ದಲನ್ನು ತುಂಬಬೇಕಾಗಿತ್ತು. 1912ರ ಏಪ್ರಿಲ್ 15ರ ನಸುಕಿನಲ್ಲಿ ಆ ಹಡಗು ಮುಳುಗಿದಾಗ ಸತ್ತವರು 1,500ಕ್ಕೂ ಹೆಚ್ಚು ಮಂದಿ. ಸಿಬ್ಬಂದಿಯಲ್ಲಿ ಉಳಿದವರು ಸುಮಾರು ನಾಲ್ಕರಲ್ಲಿ ಒಂದು ಪಾಲು ಮಾತ್ರ. ಮೂರನೆಯ ದರ್ಜೆಯ 79 ಮಕ್ಕಳಲ್ಲಿ ಬದುಕಿದವರು 27 ಎಂದು ಬ್ರಿಟಿಷ್ ವಿಚಾರಣೆಯ ವರದಿ ತಿಳಿಸುತ್ತದೆ. ಉಳಿದುಬಂದ ನೌಕರರ ಸಂಬಳವನ್ನು ಕಂಪನಿಯು ಹಡಗು ಮುಳುಗಿದ ಗಳಿಗೆಯಿಂದಲೇ ನಿಲ್ಲಿಸಿತು. ಅಂದಿನ ಪದ್ಧತಿಯೇ ಹಾಗಿತ್ತು. ಜೀವರಕ್ಷಕ ದೋಣಿಗಳು 20 ಇದ್ದವು; ಅವುಗಳಲ್ಲಿ 1,178 ಜನರಿಗೆ ಸ್ಥಳ; ಹಡಗಿನಲ್ಲಿದ್ದವರು 2,200ರಷ್ಟು. ಗಮನಿಸಬೇಕಾದ ಅಂಶವೆಂದರೆ, ಅಂದಿನ ಕಾನೂನು ವಿಧಿಸಿದ್ದಕ್ಕಿಂತ ಹೆಚ್ಚು ದೋಣಿಗಳೇ ಆ ಹಡಗಿನಲ್ಲಿದ್ದವು. ಕಾನೂನನ್ನು ಪಾಲಿಸಿದವನು ನಿರ್ದೋಷಿಯೆಂಬ ನಂಬಿಕೆ ಎಷ್ಟು ದುರ್ಬಲವಾದುದೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಮಕ್ಕಳ ಕಥೆಯು ವಿಚಾರಣಾ ಆಯೋಗದ ವರದಿಯಾಗಬೇಕಾಗಿಲ್ಲ, ಮಗುವಿಗೆ ಕೊನೆಯಲ್ಲಿ ಭರವಸೆ ಬೇಕು ಎಂದು ಹೇಳುವವರುಂಟು. ಅದು ನಿಜ. ಆದರೆ ಭರವಸೆಗಾಗಿ ಉಳಿದವರನ್ನು ಮರೆಯಬೇಕಾಗಿಲ್ಲ. ಬದುಕಿ ಬಂದ ಬಾಲಕನು ತನ್ನ ಜೊತೆಯವರ ಹೆಸರುಗಳನ್ನು ಒಮ್ಮೆ ಎಣಿಸಿಕೊಂಡರೂ ಓದುವ ಮಗುವಿಗೆ ಆ ಹಡಗು ತುಂಬ ಜನರಿದ್ದರೆಂದು ತಿಳಿಯುತ್ತದೆ.

ಟೈಟಾನಿಕ್ ದೂರದ ಮಾತಾಯಿತು. ಭಾರತದ ಪಶ್ಚಿಮ ತೀರದಲ್ಲಿ ಅದಕ್ಕಿಂತ 24 ವರ್ಷ ಮೊದಲೇ ನಡೆದ ದುರಂತವೊಂದು ಕರ್ನಾಟಕದ ಅನೇಕ ಜೈನ ಮನೆಗಳಿಗೆ ಹತ್ತಿರವಾದುದು. ವ್ಯಾಪಾರಕ್ಕಾಗಿ ಕಚ್ಛ್, ಕಾಠಿಯಾವಾಡಗಳಿಂದ ಹೊರಟು ಮುಂಬಯಿಯನ್ನು ಹಾದು ದಕ್ಷಿಣದ ಊರುಗಳಲ್ಲಿ ನೆಲೆಸಿದ ಕುಟುಂಬಗಳ ಹಿರಿಯರಿಗೆ ‘ವಿಜಳಿ’ಯ ಹೆಸರು ಗೊತ್ತು. ‘ವೈತರಣಾ’ ಎಂಬುದು ಹಡಗಿನ ನಿಜನಾಮ. ವಿದ್ಯುದ್ದೀಪಗಳಿದ್ದುದರಿಂದ ಜನರು ಅದನ್ನು ವಿಜಳಿ, ಎಂದರೆ ಮಿಂಚು, ಎಂದು ಕರೆದರು. 1885ರಲ್ಲಿ ಸ್ಕಾಟ್ಲೆಂಡಿನಲ್ಲಿ ನಿರ್ಮಾಣವಾದ ಈ ಉಗಿಹಡಗು 1888ರ ನವೆಂಬರ್ 8ರಂದು ಕಚ್ಛ್‌ನ ಮಾಂಡವಿಯಿಂದ ಹೊರಟು, ದ್ವಾರಕೆಯಲ್ಲಿ ಇನ್ನಷ್ಟು ಜನರನ್ನು ಹತ್ತಿಸಿಕೊಂಡು, ಮುಂಬಯಿಯ ಕಡೆಗೆ ಸಾಗುತ್ತಿದ್ದಾಗ ಕಾಠಿಯಾವಾಡದ ತೀರದಲ್ಲಿ ಚಂಡಮಾರುತಕ್ಕೆ ಸಿಕ್ಕಿ ಕಾಣೆಯಾಯಿತು. 740ಕ್ಕೂ ಹೆಚ್ಚು ಜನರು ಅದರೊಡನೆ ಹೋದರು. ಮದುವೆಯ ದಿಬ್ಬಣಗಳಿದ್ದವು, ಮುಂಬಯಿ ವಿಶ್ವವಿದ್ಯಾಲಯದ ಮೆಟ್ರಿಕ್ಯುಲೇಷನ್ ಪರೀಕ್ಷೆಗೆ ಹೊರಟ ವಿದ್ಯಾರ್ಥಿಗಳಿದ್ದರು. ಶವಗಳಾಗಲಿ ಅವಶೇಷಗಳಾಗಲಿ ದೊರೆಯಲಿಲ್ಲ. ಮುಂದೆ ನಡೆದ ವಿಚಾರಣೆಯಲ್ಲಿ ಜೀವರಕ್ಷಕ ದೋಣಿಗಳೂ ಜಾಕೆಟ್ಟುಗಳೂ ಸಾಕಷ್ಟು ಇರಲಿಲ್ಲವೆಂಬುದು ಹೊರಬಿದ್ದಿತು.

ಈ ದುರಂತವು ಗುಜರಾತಿ ಜನಪದದಲ್ಲಿ ಶೋಕಗೀತೆಯಾಗಿ ಉಳಿಯಿತು, ‘ವಿಜಳಿ ವಿಲಾಪ’ವೆಂಬ ಹೆಸರಿನಲ್ಲಿ ಪದ್ಯಸಂಕಲನಗಳು ಬಂದವು, ಸಾಗರಕಥೆಗಳಿಗೆ ಹೆಸರಾದ ಗುಣವಂತರಾಯ ಆಚಾರ್ಯರು 1954ರಲ್ಲಿ ‘ಹಾಜಿ ಕಾಸಮ್ ತಾರಿ ವಿಜಳಿ’ ಎಂಬ ಕಾದಂಬರಿಯನ್ನು ಪ್ರಕಟಿಸಿದರು. ಜನಪದವು ಹಡಗನ್ನು ಹಾಜಿ ಕಾಸಮನ ಹೆಸರಿನೊಡನೆ ಕಟ್ಟಿಹಾಕಿತು. ಪೋರಬಂದರಿನ ಅಧಿಕಾರಿಯು ಬಿರುಗಾಳಿಯ ಎಚ್ಚರಿಕೆ ಕೊಟ್ಟರೂ ಅವನು ಕೇಳಲಿಲ್ಲವೆಂಬ ಕಥೆ ಹಬ್ಬಿತು. ಈಚಿನ ಸಂಶೋಧಕರು ಈ ಕಥೆಯನ್ನು ಒಪ್ಪಿಲ್ಲ. ಗೀತೆಗಳಲ್ಲಿ ಸತ್ತವರ ಸಂಖ್ಯೆ ಸಾವಿರವನ್ನು ಮೀರಿ ಬೆಳೆದಿದೆ. ದಾಖಲೆಯ ಸಂಖ್ಯೆ ಅದಕ್ಕಿಂತ ಕಡಮೆ.

ಇಲ್ಲಿ ಮಕ್ಕಳ ಲೇಖಕನಿಗೆ ಎರಡು ಪಾಠಗಳಿವೆ. ಒಂದು, ಸತ್ಯವ್ರತದ್ದು. ಐತಿಹಾಸಿಕ ಕಥೆ ಬರೆಯುವವನು ಕಲ್ಪಿಸಬಹುದು. ಆದರೆ ದಾಖಲೆಯಾವುದು, ದಂತಕಥೆಯಾವುದು ಎಂಬುದನ್ನು ಮಗುವಿಗೆ ತಿಳಿಸಬೇಕು. ಒಬ್ಬ ಮನುಷ್ಯನ ಮೇಲೆ ಹೊರಿಸಿದ ಆರೋಪವು ಹಾಡಿನಲ್ಲಿದೆ ಎಂಬ ಮಾತ್ರಕ್ಕೆ ನಿಜವಾಗದು. ಎರಡು, ದೋಷವನ್ನು ಒಬ್ಬನ ಹಟಮಾರಿತನಕ್ಕೆ ಕಟ್ಟಿದೊಡನೆ ದೋಣಿಗಳೇಕೆ ಕಡಮೆಯಿದ್ದವೆಂಬ ಪ್ರಶ್ನೆ ಮರೆಯಾಗುತ್ತದೆ. ಹಡಗಿನಲ್ಲಿ 43 ಮಂದಿ ಕೆಲಸಗಾರರಿದ್ದರೆಂದು ಲೆಕ್ಕ ಸಿಗುತ್ತದೆ. ಕೆಳಗೆ ಒಲೆಗೆ ಕಲ್ಲಿದ್ದಲು ತುಂಬಿದವರು, ಹಗ್ಗ ಎಳೆದ ಖಲಾಸಿಗಳು, ಅಡುಗೆಯವರು ಅವರಲ್ಲಿ ಸೇರಿರಬೇಕು. ದಿಬ್ಬಣದ ವಧೂವರರಿಗಾಗಿ ಜನಪದವು ಅತ್ತಿದೆ; ಆ 43 ಮಂದಿಗಾಗಿ ಅತ್ತ ಹಾಡು ಅಷ್ಟಾಗಿ ಕೇಳಿಬಂದಿಲ್ಲ. ಕನ್ನಡದಲ್ಲಿ ಇಂತಹ ಕಥೆಯನ್ನು ಬರೆಯಲು ಹೊರಡುವವರಿಗೆ ಅವರಲ್ಲಿ ಒಬ್ಬ ಎಳೆಯ ಖಲಾಸಿಯೇ ತಕ್ಕ ನಾಯಕ.

ಜೈನ ಕಥಾಸಾಹಿತ್ಯಕ್ಕೆ ಕಡಲು ಹೊಸದಲ್ಲ. ಚಾರುದತ್ತನ ಹಡಗು ಒಡೆಯುತ್ತದೆ; ಶ್ರೀಪಾಲನನ್ನು ಧವಳಶ್ರೇಷ್ಠಿಯು ಕಡಲಿಗೆ ನೂಕಿಸುತ್ತಾನೆ. ‘ಜ್ಞಾತಾಧರ್ಮಕಥಾ’ದ ಒಂಬತ್ತನೆಯ ಅಧ್ಯಯನದಲ್ಲಿ ಚಂಪಾನಗರದ ಮಾಕಂದಿಯ ಮಕ್ಕಳಾದ ಜಿನಪಾಲಿತ, ಜಿನರಕ್ಷಿತರು ತಾಯಿತಂದೆಯರು ಬೇಡವೆಂದರೂ ಹನ್ನೆರಡನೆಯ ಬಾರಿ ಕಡಲಿಗೆ ಇಳಿಯುತ್ತಾರೆ. ಹಡಗು ಒಡೆದು, ಹಲಗೆಯೊಂದನ್ನು ಹಿಡಿದು ರತ್ನದ್ವೀಪವನ್ನು ಸೇರುತ್ತಾರೆ. ಅಲ್ಲಿಂದ ಹೊರಡುವಾಗ ಹಿಂದಿರುಗಿ ನೋಡಿದ ಜಿನರಕ್ಷಿತನು ನಾಶವಾಗುತ್ತಾನೆ, ನೋಡದ ಜಿನಪಾಲಿತನು ಮನೆ ಸೇರುತ್ತಾನೆ. ವಿಷಯಾಸಕ್ತಿಯ ಅನರ್ಥವನ್ನು ತಿಳಿಸಲು ಪಾಠಶಾಲೆಗಳಲ್ಲಿ ಈ ಕಥೆಯನ್ನು ಹೇಳುವುದುಂಟು. ಹಾಗೆ ಹೇಳುವಾಗ ಮಕ್ಕಳ ಕಿವಿಗೆ ಬೀಳುವುದು ಇಬ್ಬರು ಶ್ರೇಷ್ಠಿಪುತ್ರರ ಸುದ್ದಿ ಮಾತ್ರ. ಆದರೆ ಮೂಲದಲ್ಲಿ ಹಡಗು ಒಡೆಯುವ ವರ್ಣನೆಯೊಳಗೆ ಕರ್ಣಧಾರರು, ನಾವಿಕರು, ವರ್ತಕರು, ಕರ್ಮಕರರು ಎಲ್ಲರ ಹಾಹಾಕಾರವೂ ಸೇರಿದೆ. ಕೂಲಿಯಾಳಿನ ಅಳಲನ್ನು ಆಗಮವು ಬಿಟ್ಟಿಲ್ಲ, ಸಂಕ್ಷೇಪಿಸುವವರು ಬಿಟ್ಟಿದ್ದಾರೆ. ಹಲಗೆ ಸಿಕ್ಕಿದವರ ಕಥೆಯನ್ನು ಹೇಳಿ, ಸಿಗದವರನ್ನು ಕೈಬಿಡುವ ಈ ಅಭ್ಯಾಸ ಪರದೇಶದ ಕಾದಂಬರಿಕಾರರದು ಮಾತ್ರವಲ್ಲವೆಂಬುದನ್ನು ಒಪ್ಪಿಕೊಂಡರೆ ವಿಮರ್ಶೆಗೆ ಪ್ರಾಮಾಣಿಕತೆ ಬರುತ್ತದೆ.

ಇನ್ನು ಇಂತಹ ಕಥೆಗಳನ್ನು ಅಳೆಯುವ ಕೋಲು ಯಾವುದು? ಶ್ರಾವಕಾಚಾರದಲ್ಲಿಯೇ ಅದು ಸಿದ್ಧವಾಗಿದೆ. ಅಹಿಂಸಾಣುವ್ರತದ ಐದು ಅತಿಚಾರಗಳು ಪಾಠಶಾಲೆಯ ಮಕ್ಕಳಿಗೂ ಗೊತ್ತು: ಕಟ್ಟಿಹಾಕುವುದು, ಹೊಡೆಯುವುದು, ಅಂಗಚ್ಛೇದನ, ಅತಿಭಾರಾರೋಪಣ, ಅನ್ನಪಾನಗಳ ತಡೆ. ಇವುಗಳಲ್ಲಿ ನಾಲ್ಕನೆಯದು, ಶಕ್ತಿಗೆ ಮೀರಿದ ಹೊರೆ ಹೊರಿಸುವುದು. ಎತ್ತು ಕತ್ತೆಗಳಿಗೆ ಮಾತ್ರ ಅನ್ವಯಿಸುವ ನಿಯಮವೆಂದು ಇದನ್ನು ಮೊಟಕುಗೊಳಿಸಿ ಹೇಳುವ ವಾಡಿಕೆಯಿದೆ. ಆದರೆ ಹೊರೆ ಹೊರುವ ಜೀವಗಳಲ್ಲಿ ಮನುಷ್ಯನೂ ಸೇರಿದ್ದಾನೆ. ಸಮಂತಭದ್ರಾಚಾರ್ಯರು ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ಪರಿಗ್ರಹಪರಿಮಾಣ ವ್ರತದ ಅತಿಚಾರಗಳನ್ನು ಎಣಿಸುವಾಗ ಅತಿವಾಹನ, ಅತಿಸಂಗ್ರಹ, ಲೋಭಗಳ ಜೊತೆಗೆ ಅತಿಭಾರವಾಹನವನ್ನೂ ಸೇರಿಸಿರುವುದು ಗಮನಾರ್ಹ. ಹೊರೆಯ ಹಿಂದೆ ಲೋಭವಿದೆಯೆಂಬುದನ್ನು ಆಚಾರ್ಯರು ಕಂಡಿದ್ದರು. ದೋಣಿಗಳನ್ನು ಕಡಮೆಮಾಡಿ ಪ್ರಯಾಣಿಕರನ್ನು ಹೆಚ್ಚಿಸಿದ ಹಡಗು, ಹದಿನಾಲ್ಕರ ಹುಡುಗನ ಕೈಗೆ ಸಲಿಕೆ ಕೊಟ್ಟ ಒಲೆ, ಎರಡೂ ಈ ಅತಿಚಾರದ ರೂಪಗಳೇ.

ಎರಡನೆಯ ಅಳತೆ ಕೃತ, ಕಾರಿತ, ಅನುಮತಗಳದು. ತಾನು ಮಾಡಿದ್ದು, ಬೇರೆಯವರಿಂದ ಮಾಡಿಸಿದ್ದು, ಬೇರೆಯವರು ಮಾಡಿದಾಗ ಸಮ್ಮತಿಸಿದ್ದು ಈ ಮೂರರಿಂದಲೂ ಕರ್ಮಬಂಧವುಂಟು. ಹಡಗಿನ ಕಥೆಗಳಲ್ಲಿ ಕೃತವು ಎದ್ದು ಕಾಣುತ್ತದೆ: ನಾಯಕನು ಬಿರುಗಾಳಿಯಲ್ಲಿ ಹಡಗು ನಡೆಸಿದ, ಮೇಲಾಳು ಹುಡುಗನನ್ನು ಕೆಳಗೆ ಅಟ್ಟಿದ. ಕಾರಿತವು ದೂರದ ಕಚೇರಿಯಲ್ಲಿದೆ: ಲಾಭದ ಲೆಕ್ಕ ಹಾಕಿದ ಒಡೆಯನದು. ಅನುಮತವು ಓದುಗನ ಅಂಗಳದಲ್ಲಿದೆ. ಬಾಲಕನು ಕರ್ತವ್ಯಪಾಲನೆಯಲ್ಲಿ ಸತ್ತನೆಂದು ಓದಿ ಪುಳಕಗೊಂಡು, ಎಂತಹ ಹುಡುಗನೆಂದು ತಲೆದೂಗಿ, ಪುಸ್ತಕ ಮುಚ್ಚಿದ ಓದುಗನು ಅವನನ್ನು ಅಲ್ಲಿ ನಿಲ್ಲಿಸಿದ ವ್ಯವಸ್ಥೆಗೆ ಸಮ್ಮತಿಸಿದಂತಾಯಿತು. ಮಕ್ಕಳ ಪುಸ್ತಕದ ನೈತಿಕತೆಯನ್ನು ಅದರ ಕೊನೆಯ ಪುಟದ ನೀತಿವಾಕ್ಯದಿಂದ ಅಳೆಯಬಾರದು; ಅದು ಓದುಗನಲ್ಲಿ ಎಂತಹ ಅನುಮೋದನೆಯನ್ನು ಬೆಳೆಸುತ್ತದೆ ಎಂಬುದರಿಂದ ಅಳೆಯಬೇಕು.

ಇದಕ್ಕೆ ಎದುರಾಗಿ ಬರುವ ಮಾತು, ಅವರವರ ಕರ್ಮ ಅವರವರಿಗೆ ಎಂಬುದು. ಈ ಮಾತನ್ನು ಹಿರಿಯರು ಸಹಜವಾಗಿ ಆಡುತ್ತಾರೆ. ಮಕ್ಕಳು ಅದನ್ನು ಬೇಗ ಕಲಿಯುತ್ತಾರೆ. ಇದು ಕರ್ಮಸಿದ್ಧಾಂತದ ಅರ್ಧ ಮಾತ್ರ. ನೋವುಂಡವನಿಗೆ ಅವನ ಪೂರ್ವಕರ್ಮ ಉದಯಕ್ಕೆ ಬಂದಿರಬಹುದು; ಆದರೆ ಆ ನೋವಿಗೆ ನಿಮಿತ್ತನಾದವನು ಹೊಸ ಕರ್ಮವನ್ನು ಕಟ್ಟಿಕೊಳ್ಳುತ್ತಾನೆ. ಪ್ರಮಾದದಿಂದ ಪ್ರಾಣಗಳಿಗೆ ಹಾನಿ ತಟ್ಟಿಸುವುದೇ ಹಿಂಸೆಯೆಂದು ‘ತತ್ತ್ವಾರ್ಥಸೂತ್ರ’ವು ನಿರ್ಣಯಿಸಿರುವಾಗ, ಕೊಲ್ಲುವ ಉದ್ದೇಶವಿರಲಿಲ್ಲವೆಂಬ ಸಮಾಧಾನಕ್ಕೆ ಅವಕಾಶವಿಲ್ಲ. ದೋಣಿಗಳನ್ನು ಎಣಿಸದೆ ಹಡಗು ಬಿಟ್ಟದ್ದು ಪ್ರಮಾದ. ಸತ್ತವರ ಕರ್ಮವನ್ನು ಎಣಿಸುವ ಅಧಿಕಾರ ಛದ್ಮಸ್ಥರಿಗಿಲ್ಲ. ತಮ್ಮ ಪ್ರಮಾದವನ್ನು ಎಣಿಸುವ ಹೊಣೆ ಮಾತ್ರ ಇದೆ.

ಲೋಕದ ಕಾನೂನೂ ನಿಧಾನವಾಗಿ ಈ ದಿಕ್ಕಿಗೆ ಬಂದಿತು. ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆಯು 1920ರಲ್ಲಿ ಹಡಗಿನ ಕೆಲಸಕ್ಕೆ 14 ವರ್ಷವನ್ನು ಕನಿಷ್ಠ ವಯಸ್ಸೆಂದು ಗೊತ್ತುಪಡಿಸಿತು. ಕಲ್ಲಿದ್ದಲು ಸಾಗಿಸುವ ಮತ್ತು ಒಲೆಗೆ ತುಂಬುವ ಕೆಲಸಕ್ಕೆ 1921ರ ಒಪ್ಪಂದವು 18 ವರ್ಷವನ್ನು ವಿಧಿಸಿತು. ಆದರೆ ಅದೇ ಒಪ್ಪಂದದಲ್ಲಿ ಒಂದು ವಿನಾಯಿತಿಯಿತ್ತು: ಭಾರತ ಮತ್ತು ಜಪಾನಿನ ಕರಾವಳಿ ಸಂಚಾರದ ಹಡಗುಗಳಲ್ಲಿ, ವೈದ್ಯಕೀಯ ಪರೀಕ್ಷೆಯಲ್ಲಿ ದೃಢಕಾಯರೆಂದು ಕಂಡುಬಂದ 16 ವರ್ಷದವರನ್ನೂ ಈ ಕೆಲಸಕ್ಕೆ ಹಚ್ಚಬಹುದಾಗಿತ್ತು. ಒಲೆಯ ಬಿಸಿ ಒಂದೇ. ಮಗುವಿನ ಮೈ ಒಂದೇ. ದೇಶ ಬದಲಾದೊಡನೆ ವಯಸ್ಸು ಎರಡು ವರ್ಷ ಇಳಿಯಿತು. ಭಾರತದಲ್ಲಿ 1986ರ ಬಾಲಕಾರ್ಮಿಕ ಕಾಯಿದೆಯೂ 2016ರ ತಿದ್ದುಪಡಿಯೂ ಬಂದ ಮೇಲೆ 14ರ ಒಳಗಿನ ಮಕ್ಕಳನ್ನು ಕೆಲಸಕ್ಕೆ ಇಟ್ಟುಕೊಳ್ಳುವುದು ನಿಷಿದ್ಧವಾಗಿದೆ. ಶಾಲೆಯ ವೇಳೆಯ ಹೊರಗೆ ಕುಟುಂಬದ ಉದ್ಯಮದಲ್ಲಿ ನೆರವಾಗುವುದಕ್ಕೆ ವಿನಾಯಿತಿಯುಂಟು. ಟೈಟಾನಿಕ್‌ನ ದೋಣಿಗಳ ಲೆಕ್ಕವನ್ನು ನೆನೆದವರು ವಿನಾಯಿತಿಗಳನ್ನು ಎಚ್ಚರದಿಂದ ಓದುತ್ತಾರೆ.

ಈ ಚರ್ಚೆ ಬಳ್ಳಾರಿಗೆ ಹೊರತಾದುದಲ್ಲ. ಕಬ್ಬಿಣದ ಅದಿರಿನ ಭರಾಟೆಯ ವರ್ಷಗಳಲ್ಲಿ, 2011ರಲ್ಲಿ ಸರ್ವೋಚ್ಚ ನ್ಯಾಯಾಲಯವು ಜಿಲ್ಲೆಯ ಗಣಿಗಾರಿಕೆಯನ್ನು ತಡೆಯುವುದಕ್ಕೆ ಮುಂಚೆ, ಕೆಂಪು ಧೂಳಿನಲ್ಲಿ ಸುತ್ತಿಗೆ ಹಿಡಿದು ಅದಿರು ಒಡೆಯುತ್ತಿದ್ದವರಲ್ಲಿ ಮಕ್ಕಳೂ ಇದ್ದರೆಂಬುದು ದಾಖಲಾದ ಸಂಗತಿ. ಬಳ್ಳಾರಿಯ ಹೆಸರನ್ನು ದೂರದ ಮಾರುಕಟ್ಟೆಗಳಿಗೆ ಮುಟ್ಟಿಸಿರುವ ಜೀನ್ಸ್ ಹೊಲಿಗೆಯ ಕೆಲಸ ಬಹುಮಟ್ಟಿಗೆ ಸಣ್ಣ ಘಟಕಗಳಲ್ಲಿಯೂ ಮನೆಗಳಲ್ಲಿಯೂ ನಡೆಯುತ್ತದೆ. ದಾರ ಕತ್ತರಿಸುವ, ಗುಂಡಿ ಹಚ್ಚುವ ಕೈಗಳ ವಯಸ್ಸನ್ನು ಕೊಳ್ಳುವವನು ವಿಚಾರಿಸುವುದು ಅಪರೂಪ. ಅಂಗಡಿಯಲ್ಲಿ ಚಹಾ ತಂದುಕೊಡುವ ಹುಡುಗ, ಮನೆಯಲ್ಲಿ ಮಗುವನ್ನು ಎತ್ತಿ ಆಡಿಸುವ ಹುಡುಗಿ ಕಣ್ಣಿಗೆ ಬಿದ್ದಾಗ ಅವರ ಶಾಲೆ ಯಾವುದೆಂದು ಕೇಳಬೇಕಾದವರು ಜಾನಿ ಟ್ರಾಟ್‌ನ ಕಥೆಗೆ ಕಣ್ಣೀರಿಟ್ಟವರೇ. ಸಾಹಿತ್ಯವು ದೂರದ ಬಾಲಕನಿಗಾಗಿ ಕರಗುವ ಮನಸ್ಸನ್ನು ಕೊಟ್ಟು, ಹತ್ತಿರದವನನ್ನು ಕಾಣುವ ಕಣ್ಣನ್ನು ಕೊಡದಿದ್ದರೆ ಅದರ ಪ್ರಯೋಜನ ಅರ್ಧವೇ ಆಯಿತು.

ಆದುದರಿಂದ ಪಾಠಶಾಲೆಗೆ ಪುಸ್ತಕ ಕೊಳ್ಳುವ ಬಸದಿ ಮತ್ತು ಮಂದಿರಗಳ ಟ್ರಸ್ಟುಗಳು, ಮಕ್ಕಳಿಗೆ ಉಡುಗೊರೆ ಆರಿಸುವ ಮನೆಗಳು ಕೆಲವು ಪ್ರಶ್ನೆಗಳನ್ನು ಕೇಳಿಕೊಳ್ಳುವುದು ಉಚಿತ. ಕಥೆಯು ಬಾಲಕನ ವಿಧೇಯತೆಯನ್ನು ಹೊಗಳುತ್ತದೆಯೋ, ವಿವೇಕವನ್ನೋ? ಅವನ ಸಾವನ್ನು ಅಲಂಕರಿಸುತ್ತದೆಯೋ, ಅದಕ್ಕೆ ಕಾರಣವನ್ನು ಹುಡುಕುತ್ತದೆಯೋ? ಅವನೊಡನೆ ದುಡಿದವರು ಕಥೆಯ ಕೊನೆಯಲ್ಲಿ ಎಲ್ಲಿರುತ್ತಾರೆ? ದಾಖಲೆಯನ್ನೂ ಕಲ್ಪನೆಯನ್ನೂ ಲೇಖಕನು ಬೇರ್ಪಡಿಸಿ ತೋರಿಸಿದ್ದಾನೆಯೇ? ಈ ಪರೀಕ್ಷೆಯಲ್ಲಿ ಸೋತ ಪುಸ್ತಕಗಳನ್ನು ಕಪಾಟಿನಿಂದ ತೆಗೆದುಹಾಕಬೇಕೆಂದಲ್ಲ. ಅವುಗಳನ್ನು ಮಗುವಿನ ಜೊತೆಯಲ್ಲಿ ಕುಳಿತು ಓದಿ, ಪುಸ್ತಕವು ಕೇಳದ ಪ್ರಶ್ನೆಯನ್ನು ಹಿರಿಯರು ಕೇಳಿದರೆ ಸಾಕು. ‘ಕ್ಯಾಸ್ಪರ್’ ಅಂತಹ ಸಹವಾಚನಕ್ಕೆ ಯೋಗ್ಯವಾದ ಕೃತಿ. ‘ಕ್ಯಾಸಾಬಿಯಾಂಕಾ’ವನ್ನೂ ಬಾಯಿಪಾಠ ಮಾಡಿಸುವ ಬದಲು ಚರ್ಚೆಗೆ ಇಡಬಹುದು.

ಹಂಪಿಯಲ್ಲಿ ವಿಜಯನಗರದ ದಂಡನಾಯಕ ಇರುಗಪ್ಪನು 1385ರ ಸುಮಾರಿಗೆ ಕುಂಥುನಾಥ ಜಿನಾಲಯವನ್ನು ಕಟ್ಟಿಸಿದನು. ಮುಂದಿರುವ ದೀಪಸ್ತಂಭದ ಶಾಸನದಲ್ಲಿ ಅವನ ಹೆಸರಿದೆ. ಜನರಾದರೋ ಆ ಬಸದಿಯನ್ನು ಗಾಣಗಿತ್ತಿ ಗುಡಿಯೆಂದೇ ಕರೆಯುತ್ತಾರೆ. ಎಣ್ಣೆ ತೆಗೆಯುವ ಹೆಂಗಸೊಬ್ಬಳ ಹೆಸರು ಅದಕ್ಕೆ ಹೇಗೆ ಅಂಟಿಕೊಂಡಿತೋ, ಅಂತೂ ಉಳಿದಿದೆ. ಬಳ್ಳಾರಿಯಿಂದ ಹಂಪಿಗೆ ಮಕ್ಕಳನ್ನು ಕರೆದೊಯ್ಯುವವರು ಅಲ್ಲಿ ನಿಂತು ಕಟ್ಟಿಸಿದವನ ಹೆಸರನ್ನು ಓದಿ ಹೇಳುತ್ತಾರೆ. ಗಾಣಗಿತ್ತಿ ಯಾರು, ಅವಳು ಏನು ಕೆಲಸ ಮಾಡುತ್ತಿದ್ದಳು ಎಂದು ಮಗುವೊಂದು ಕೇಳಿದರೆ, ಹಡಗಿನ ಕಥೆಯನ್ನು ಆ ಮಗು ಸರಿಯಾಗಿ ಓದಿದೆಯೆಂದು ತಿಳಿಯಬೇಕು.